ಅಟ್ಟದ ಮೇಲಿನ ಆಟಿಕೆ ರೈಲು: ಬೆಲೆ ಏರಿದೆಯೋ, ಇಳಿದಿದೆಯೋ?

ಆಟಿಕೆ ರೈಲುಗಳ ಬಗ್ಗೆ ಎರಡು ಬಗೆಯ ಸುದ್ದಿ ಓಡಾಡುತ್ತಿವೆ. ಎರಡನ್ನೂ ಒಟ್ಟಿಗೆ ಓದಿದವರಿಗೆ ಗೊಂದಲವಾಗುವುದು ಸಹಜ. ಹಳೇ ತಗಡಿನ ರೈಲೊಂದು ವಿದೇಶದ ಹರಾಜಿನಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಹೋಯಿತು ಅನ್ನುವುದು ಒಂದು ಬಗೆ. ಮಾದರಿ ರೈಲು ಮಾರುತ್ತಿದ್ದ ಹೆಸರಾಂತ ಅಂಗಡಿಗಳೇ ಬಾಗಿಲು ಹಾಕುತ್ತಿವೆ ಅನ್ನುವುದು ಇನ್ನೊಂದು ಬಗೆ. ಬ್ರಿಟನ್ನಿನ ಹ್ಯಾಟನ್ಸ್ 1946ರಲ್ಲಿ ಲಿವರ್‌ಪೂಲ್‌ನಲ್ಲಿ ಶುರುವಾದ ಅಂಗಡಿ. 2024ರ ಜನವರಿಯಲ್ಲಿ ಅದು ವ್ಯಾಪಾರ ಮುಗಿಸುವುದಾಗಿ ಹೇಳಿತು. ಖರ್ಚು ಏರುತ್ತಿದೆ, ಗಿರಾಕಿಗಳಿಗೆ ವಯಸ್ಸಾಗುತ್ತಿದೆ ಎನ್ನುವುದೂ ಅದು ಕೊಟ್ಟ ಕಾರಣಗಳಲ್ಲಿ ಸೇರಿತ್ತು. ಮರುವರ್ಷ ಹಾರ್ನ್‌ಬಿ ಕಂಪನಿ ಲಂಡನ್ನಿನ ಷೇರುಪೇಟೆಯಿಂದ ಹೊರಬಂತು. ಮಾದರಿ ರೈಲು ಅಂದಕೂಡಲೇ ಬ್ರಿಟನ್ನಿನಲ್ಲಿ ನೆನಪಾಗುವ ಹೆಸರೇ ಹಾರ್ನ್‌ಬಿ.

ಹಳೇ ರೈಲಿಗೆ ಬೆಲೆ ಬರುತ್ತಿದೆ, ಆದರೆ ರೈಲು ಮಾರುವವರು ಸೋಲುತ್ತಿದ್ದಾರೆ. ಎರಡೂ ಹೇಗೆ ನಿಜವಾಗಲು ಸಾಧ್ಯ?

ಹಾಸನ, ಚಿಕ್ಕಮಗಳೂರು ಕಡೆಯವರಿಗೆ ಇದು ದೂರದ ಸುದ್ದಿಯಾಗಿ ಉಳಿದಿಲ್ಲ. ಸಕಲೇಶಪುರ, ಮೂಡಿಗೆರೆ ಸುತ್ತಿನ ಹಳೇ ತೋಟದ ಬಂಗಲೆಗಳು ಹೋಮ್‌ಸ್ಟೇ ಆಗುತ್ತಿವೆ. ಆಸ್ತಿ ಪಾಲಾಗುತ್ತದೆ, ಅಟ್ಟ ಖಾಲಿಯಾಗುತ್ತದೆ, ಹಳೇ ಟ್ರಂಕುಗಳು ಕೆಳಗಿಳಿಯುತ್ತವೆ. ಅಂಥ ಟ್ರಂಕಿನಲ್ಲಿ ಒಮ್ಮೊಮ್ಮೆ ಕೀಲಿ ಕೊಟ್ಟು ಓಡಿಸುವ ರೈಲು ಸಿಗಬಹುದು. ಪೇಟೆಯ ಮನೆಗಳಲ್ಲಿ 1980ರ ದಶಕದಲ್ಲಿ ವಿದೇಶದಿಂದ ಬಂದ ಪ್ಲಾಸ್ಟಿಕ್ ಸೆಟ್ ಇರಬಹುದು. ಇವು ಸಾಲದು ಅಂತ, ಹೊಸ ಮಾದರಿಗಳನ್ನು ‘ಹೂಡಿಕೆ’ ಅಂತ ಹೇಳಿ ಹುಡುಗರಿಗೆ ಮಾರುವ ಮಾತೂ ಕೇಳಿಬರುತ್ತಿದೆ. ಗುಜರಿಗೆ ಹಾಕಬೇಕೋ, ಬ್ಯಾಂಕ್ ಲಾಕರಿನಲ್ಲಿ ಇಡಬೇಕೋ ಎಂಬ ಪ್ರಶ್ನೆ ಹುಟ್ಟುವುದು ಇಲ್ಲೇ.

ಎಲ್ಲಾ ರೈಲೂ ಒಂದೇ ಪೇಟೆಯದಲ್ಲ

‘ಹಳೇ ರೈಲು’ ಅಂತ ಒಟ್ಟಾಗಿ ಹೇಳಿದರೆ ಏನೂ ಗೊತ್ತಾಗುವುದಿಲ್ಲ. ಕಾಫಿಯಲ್ಲಿ ಅರೇಬಿಕಾ ಪಾರ್ಚ್‌ಮೆಂಟ್ ಬೇರೆ, ರೊಬಸ್ಟಾ ಚೆರ್ರಿ ಬೇರೆ. ಇಲ್ಲೂ ಹಾಗೆಯೇ.

ಮೊದಲನೆಯದು ತಗಡಿನ ಕಾಲ. ಜರ್ಮನಿಯ ಮಾರ್ಕ್ಲಿನ್ 1859ರಲ್ಲಿ ಗೋಪಿಂಗನ್ ಎಂಬ ಊರಿನಲ್ಲಿ ಶುರುವಾಯಿತು. ಅಮೆರಿಕದ ಲಯನೆಲ್ ಹುಟ್ಟಿದ್ದು 1900ರಲ್ಲಿ. ಫ್ರಾಂಕ್ ಹಾರ್ನ್‌ಬಿ 1901ರಲ್ಲಿ ಮೆಕ್ಯಾನೊ ಆಟಿಕೆಗೆ ಪೇಟೆಂಟ್ ಪಡೆದರು, 1920ರಲ್ಲಿ ಕೀಲಿ ಕೊಡುವ ರೈಲು ತಂದರು. ಇವೆಲ್ಲ ದೊಡ್ಡ ಗಾತ್ರದವು. ಎರಡು ಕೈಯಲ್ಲಿ ಹಿಡಿಯಬೇಕು.

ಎರಡನೆಯದು ಮೇಜಿನ ಮೇಲೆ ಹಿಡಿಸುವ ವಿದ್ಯುತ್ ರೈಲುಗಳ ಕಾಲ. ಮಾರ್ಕ್ಲಿನ್ 1935ರಲ್ಲಿ ಸಣ್ಣ ಗಾತ್ರದ ರೈಲು ತಂದಿತು, ಹಾರ್ನ್‌ಬಿ 1938ರಲ್ಲಿ ‘ಡಬ್ಲೊ’ ತಂದಿತು. ಯುದ್ಧದ ನಂತರ ಇವು ಮಧ್ಯಮ ವರ್ಗದ ಮನೆಗಳಿಗೆ ಹೊಕ್ಕವು. ಪ್ರಪಂಚದಲ್ಲಿ ಇಂದು ಮರುಮಾರಾಟಕ್ಕೆ ಬರುವ ಹಳೇ ರೈಲುಗಳಲ್ಲಿ ದೊಡ್ಡ ಪಾಲು ಈ ಕಾಲದ್ದು.

ಮೂರನೆಯದು ಈಗಿನ ಚೀನಾ ತಯಾರಿಕೆಯ ಕಾಲ. ಬಾಗಿಲಿನ ಹಿಡಿ, ಗಾಜು ಒರೆಸುವ ಕಡ್ಡಿ ಸಹ ಕಾಣುವಷ್ಟು ಕುಸುರಿ. ಒಳಗೆ ಡಿಜಿಟಲ್ ಚಿಪ್, ಸ್ಪೀಕರ್. ಹೊಸದಾಗಿ ಕೊಳ್ಳುವಾಗ ಬೆಲೆ ಜಾಸ್ತಿ, ಡಬ್ಬಿ ಬಿಚ್ಚಿದ ಮರುದಿನವೇ ಕಮ್ಮಿ.

ಮೂರಕ್ಕೂ ಕೊಳ್ಳುವವರು ಬೇರೆ. ಹಾಗಾಗಿ ಒಂದರ ಬೆಲೆ ಏರುವಾಗಲೇ ಇನ್ನೊಂದರದು ಇಳಿಯಬಹುದು. ಎರಡು ಸುದ್ದಿಗಳೂ ನಿಜವಾಗಿರುವುದು ಹೀಗೆ.

ಬೆಲೆ ಕಟ್ಟುವುದು ಬಾಲ್ಯದ ನೆನಪು

ಚಿನ್ನಕ್ಕೆ ತೂಕವಿದೆ, ಕರಗಿಸಿದರೂ ಬೆಲೆ ಇದೆ. ಆಟಿಕೆ ರೈಲನ್ನು ಕರಗಿಸಿದರೆ ಸಿಗುವುದು ಹಿಡಿಯಷ್ಟು ತಗಡು, ತುಸು ಸತು. ಅದರ ಬೆಲೆ ಪೂರ್ತಿ ಇರುವುದು ಕೊಳ್ಳುವವರ ಮನಸ್ಸಿನಲ್ಲಿ. ಆ ಮನಸ್ಸು ಸಾಮಾನ್ಯವಾಗಿ ಬಯಸುವುದು ಹತ್ತು ವರ್ಷದ ಮಗುವಾಗಿದ್ದಾಗ ಅಂಗಡಿಯ ಗಾಜಿನಾಚೆ ನೋಡಿ, ಕೊಳ್ಳಲಾಗದೆ ಬಂದ ವಸ್ತುವನ್ನು.

ಅದರ ಲೆಕ್ಕ ನೋಡಿ. 1950ರ ಸುಮಾರಿಗೆ ಹತ್ತು ವರ್ಷದವರಾಗಿದ್ದ ಅಮೆರಿಕನ್ನರಿಗೆ, ಬ್ರಿಟಿಷರಿಗೆ 1990ರ ಹೊತ್ತಿಗೆ ಐವತ್ತು ವರ್ಷ. ಸಾಲ ತೀರಿದೆ, ಮಕ್ಕಳು ದೊಡ್ಡವರಾಗಿದ್ದಾರೆ, ಕೈಯಲ್ಲಿ ಹಣವಿದೆ. ಅಂದು ಸಿಗದ ರೈಲನ್ನು ಇಂದು ಕೊಳ್ಳೋಣ ಅನ್ನಿಸಿತು. ಒಂದೇ ವಯಸ್ಸಿನ ಲಕ್ಷಾಂತರ ಜನರಿಗೆ ಒಂದೇ ಹೊತ್ತಿಗೆ ಹಾಗನ್ನಿಸಿತು. ಯುದ್ಧಾನಂತರದ ರೈಲುಗಳ ಬೆಲೆ ಆಗ ಏರಿತು. ಏರುತ್ತಿರುವುದನ್ನು ನೋಡಿ ರೈಲಿನ ಮೇಲೆ ಪ್ರೀತಿಯಿಲ್ಲದವರೂ ಬಂದರು. ಬೆಲೆ ಇನ್ನಷ್ಟು ಏರಿತು.

ಈಗ ಅದೇ ಜನ ಎಂಬತ್ತು ದಾಟಿದ್ದಾರೆ. ದೊಡ್ಡ ಮನೆ ಬಿಟ್ಟು ಚಿಕ್ಕ ಮನೆಗೆ ಹೋಗುತ್ತಿದ್ದಾರೆ, ಇಲ್ಲವೇ ತೀರಿಕೊಳ್ಳುತ್ತಿದ್ದಾರೆ. ಅವರ ಸಂಗ್ರಹಗಳು ಒಟ್ಟೊಟ್ಟಿಗೆ ಪೇಟೆಗೆ ಬರುತ್ತಿವೆ. ಕೊಳ್ಳಬೇಕಾದ ಮುಂದಿನ ತಲೆಮಾರಿನ ಬಾಲ್ಯದಲ್ಲಿ ಆ ರೈಲು ಇರಲೇ ಇಲ್ಲ. ಅವರ ಬಾಲ್ಯದಲ್ಲಿದ್ದದ್ದು ವಿಡಿಯೊ ಗೇಮ್, ಕ್ರಿಕೆಟ್ ಕಾರ್ಡ್, ಪುಟಾಣಿ ಕಾರು. ಸರಕು ಜಾಸ್ತಿ, ಗಿರಾಕಿ ಕಮ್ಮಿ. ಬೆಲೆ ಇಳಿಯಲು ಬೇರೆ ಕಾರಣ ಬೇಕಿಲ್ಲ.

ತೋಟದವರಿಗೆ ಇದು ಅರ್ಥವಾಗದ ವಿಷಯವೇನಲ್ಲ. 1994ರಲ್ಲಿ ಬ್ರೆಜಿಲ್‌ನ ತೋಟಗಳಿಗೆ ಹಿಮ ಬಡಿದಾಗ ಚಿಕ್ಕಮಗಳೂರಿನಲ್ಲಿ ಕಾಫಿ ಬೆಲೆ ಹಾರಿತು. ದಶಕ ಮುಗಿಯುವ ಹೊತ್ತಿಗೆ ಪ್ರಪಂಚದಲ್ಲಿ ಬೆಳೆ ಹೆಚ್ಚಾಗಿ ಬೆಲೆ ನೆಲಕಚ್ಚಿತು. ನಮ್ಮ ಗಿಡದಲ್ಲಿ ಏನೂ ಬದಲಾಗದಿದ್ದರೂ ಎಲ್ಲೋ ದೂರದ ಸರಕು ನಮ್ಮ ಮೂಟೆಯ ದರ ತೀರ್ಮಾನಿಸಿತು ಅಲ್ವಾ? ಒಂದು ಮುಖ್ಯ ವ್ಯತ್ಯಾಸವಿದೆ. ಕಾಫಿಯನ್ನು ಕುಡಿದು ಮುಗಿಸುತ್ತಾರೆ, ಮರುವರ್ಷ ಮತ್ತೆ ಬೇಕಾಗುತ್ತದೆ. ಆಟಿಕೆ ರೈಲು ಖರ್ಚಾಗುವುದಿಲ್ಲ. 1955ರಲ್ಲಿ ತಯಾರಾದದ್ದು ಜೋಪಾನವಾಗಿದ್ದರೆ ಇಂದಿಗೂ ಪೇಟೆಯಲ್ಲೇ ಸುತ್ತುತ್ತಿರುತ್ತದೆ. ಬೆಲೆ ಏರಲೆಂದು ದಾಸ್ತಾನು ಹಿಡಿದು ಕೂರುವವರಿಗೆ ಕಾಲ ಇಲ್ಲಿ ಆ ಮಟ್ಟಿಗೆ ಸಹಾಯ ಮಾಡುವುದಿಲ್ಲ.

ಅಪರೂಪ ಅಂದುಕೊಂಡದ್ದು ಅಪರೂಪವಾಗಿರಲಿಲ್ಲ

1995ರಲ್ಲಿ ಇಬೇ ಎಂಬ ಆನ್‌ಲೈನ್ ಹರಾಜು ತಾಣ ಶುರುವಾಯಿತು. ಅದಕ್ಕೆ ಮುಂಚೆ ಸಂಗ್ರಹಕಾರರು ವರ್ಷಕ್ಕೆ ಒಂದೆರಡು ಸಂತೆಗೆ ಹೋಗಿ ಹುಡುಕುತ್ತಿದ್ದರು. ತಮ್ಮ ಊರಿನಲ್ಲಿ ಕಾಣದ ಎಂಜಿನ್ ಸಿಕ್ಕರೆ, ಇನ್ನು ಸಿಗಲಿಕ್ಕಿಲ್ಲ ಅಂತ ಕೇಳಿದಷ್ಟು ಕೊಡುತ್ತಿದ್ದರು. ಇಂಟರ್ನೆಟ್ ಬಂದಮೇಲೆ ಅದೇ ಎಂಜಿನ್ ಬೇರೆ ಬೇರೆ ಊರುಗಳಿಂದ ಒಂದೇ ಪರದೆಯ ಮೇಲೆ ಸಾಲಾಗಿ ಕಂಡಿತು. ವಸ್ತುವಿನ ಸಂಖ್ಯೆ ಮೊದಲಿನಷ್ಟೇ. ಅದು ಎಷ್ಟಿದೆ ಅನ್ನುವುದು ಗೊತ್ತಾಯಿತು, ಅಷ್ಟೇ. ಗೊತ್ತಾಗದೇ ಇದ್ದದ್ದಕ್ಕೆ ಕೊಡುತ್ತಿದ್ದ ಹೆಚ್ಚಿನ ಹಣ ಮಾಯವಾಯಿತು.

ನಿಜವಾಗಿ ಅಪರೂಪವಾಗಿದ್ದಕ್ಕೆ ಇದರ ಉಲ್ಟಾ ಪರಿಣಾಮವಾಯಿತು. ಹಾರ್ನ್‌ಬಿ 1937ರಲ್ಲಿ ‘ಪ್ರಿನ್ಸೆಸ್ ಎಲಿಜಬೆತ್’ ಎಂಬ ದೊಡ್ಡ ವಿದ್ಯುತ್ ಎಂಜಿನ್ ತಂದಿತ್ತು. ಬೆಲೆ ಐದು ಗಿನಿ, ಅಂದರೆ ಐದು ಪೌಂಡ್‌ಗಿಂತ ತುಸು ಜಾಸ್ತಿ. ಆ ಕಾಲದ ಸಾಮಾನ್ಯ ಮನೆಗೆ ಅದು ಎಟುಕುವ ಮಾತಲ್ಲ, ಹಾಗಾಗಿ ಮಾರಾಟವಾದದ್ದೂ ಕಮ್ಮಿ. ಅದರ ಪೆಟ್ಟಿಗೆ ಸಮೇತ ಒಂದು ಸಿಕ್ಕರೆ ಈಗ ಪ್ರಪಂಚದ ಮೂಲೆಮೂಲೆಯಿಂದ ಹರಾಜು ಕೂಗುವವರಿದ್ದಾರೆ. ಅದೇ ಹಾರ್ನ್‌ಬಿಯ ‘ಎಂ1’ ಎಂಬ ಚಿಕ್ಕ ಕೀಲಿ ಎಂಜಿನ್ ಹೇರಳವಾಗಿ ತಯಾರಾಗಿತ್ತು, ಹೇರಳವಾಗಿಯೇ ಉಳಿದಿದೆ. ಎರಡೂ ಹಳೆಯವು, ಎರಡರ ಮೇಲೂ ಒಂದೇ ಹೆಸರು. ಬೆಲೆಯ ಅಂತರ ಮಾತ್ರ ಆಕಾಶ ಭೂಮಿಯದು. ಸುದ್ದಿಯಲ್ಲಿ ಬರುವುದು ಮೊದಲನೆಯದು, ಅಟ್ಟದಲ್ಲಿ ಸಿಗುವುದು ಬಹುತೇಕ ಎರಡನೆಯದು.

ಲಯನೆಲ್ ಕಂಪನಿಯ 1957ರ ಗುಲಾಬಿ ರೈಲಿನ ಕಥೆ ಇನ್ನೂ ಚೆನ್ನಾಗಿ ಪಾಠ ಹೇಳುತ್ತದೆ. ಹುಡುಗಿಯರಿಗೆಂದೇ ಮಾಡಿದ ಆ ಸೆಟ್‌ನಲ್ಲಿ ಎಂಜಿನ್ ಗುಲಾಬಿ, ಬೋಗಿಗಳು ತಿಳಿ ಬಣ್ಣದವು. ನಿಜವಾದ ರೈಲಿನ ಹಾಗೆ ಕಪ್ಪಾಗಿರುವ ಎಂಜಿನ್ನೇ ಹುಡುಗಿಯರಿಗೂ ಬೇಕಿತ್ತು. ಸೆಟ್ ಮಾರಾಟವಾಗಲಿಲ್ಲ. ಮಾರಾಟವಾಗದ್ದರಿಂದ ಕಮ್ಮಿ ಉಳಿಯಿತು, ಕಮ್ಮಿ ಉಳಿದದ್ದರಿಂದ ದುಬಾರಿಯಾಯಿತು. ದುಬಾರಿಯಾದ ಮೇಲೆ ಬೇರೆ ಎಂಜಿನ್ನಿಗೆ ಗುಲಾಬಿ ಬಣ್ಣ ಬಳಿದು ಮಾರುವ ನಕಲಿಗಳು ಬಂದವು. 1991ರಲ್ಲಿ ಲಯನೆಲ್ ಹೆಸರಿನಲ್ಲೇ ಅದರ ಮರುತಯಾರಿಕೆಯೂ ಬಂತು. ಬಣ್ಣ ಇಷ್ಟವಾಗಿ ಕೊಳ್ಳುವವರಿಗೆ ಹೊಸದು ಸಾಕಾಯಿತು. ಹಳೆಯದಕ್ಕೆ ಉಳಿದದ್ದು ಮೂಲವೇ ಬೇಕೆನ್ನುವ ಸಂಗ್ರಹಕಾರರು ಮಾತ್ರ.

‘ಲಿಮಿಟೆಡ್ ಎಡಿಷನ್’ ಅಂತ ಡಬ್ಬಿಯ ಮೇಲೆ ಅಚ್ಚಾದ ಮಾದರಿಗಳನ್ನು ಇದರ ಎದುರು ಇಟ್ಟು ನೋಡಬೇಕು. ಕೊಂಡವರೆಲ್ಲ ಅದನ್ನು ಬಿಚ್ಚದೆ, ಪ್ರಮಾಣಪತ್ರ ಸಮೇತ ಜೋಪಾನ ಮಾಡುತ್ತಾರೆ. ಸಾವಿರ ತಯಾರಾದರೆ ಇಪ್ಪತ್ತು ವರ್ಷದ ಮೇಲೂ ಹೆಚ್ಚುಕಡಿಮೆ ಸಾವಿರವೂ ಹೊಸದರಂತೆ ಇರುತ್ತವೆ. ಬೆಲೆಬಾಳುವ ಹಳೇ ರೈಲುಗಳೆಲ್ಲ ಮಕ್ಕಳ ಕೈಯಲ್ಲಿ ಮುರಿದು, ಗುಜರಿಗೆ ಹೋಗಿ, ಬೆರಳೆಣಿಕೆಯಷ್ಟು ಉಳಿದವು. ಲಿಮಿಟೆಡ್ ಎಡಿಷನ್‌ಗಳು ಹಾಗೆ ಕಳೆದುಹೋಗುವುದಿಲ್ಲ. ಹೊಸ ಮಾದರಿಯನ್ನು ಹೂಡಿಕೆ ಅಂತ ಮಾರುವವರು ಈ ಒಂದು ವಿಷಯ ಹೇಳುವುದೇ ಇಲ್ಲ. ಹೇಳಬೇಕು.

ಕಂಪನಿ ಮುಚ್ಚಿದರೆ ಬೆಲೆ ಏರುತ್ತದೆಯೇ?

ಇದು ತುಂಬಾ ಜನರ ನಂಬಿಕೆ. ‘ಕಂಪನಿಯೇ ಹೋಯಿತು, ಇನ್ನು ತಯಾರಾಗಲ್ಲ, ಇಟ್ಟುಕೊಳ್ಳಿ’ ಅನ್ನುವ ಸಲಹೆ. ಇತಿಹಾಸ ನೋಡಿದರೆ ಈ ಸಲಹೆ ನಿಲ್ಲುವುದು ಕಷ್ಟ.

ರೈಲು ತಯಾರಿಕೆಯಲ್ಲಿ ನಿಜವಾದ ಆಸ್ತಿ ಅಚ್ಚು. ಒಂದು ಎಂಜಿನ್ನಿಗೆ ಉಕ್ಕಿನ ಅಚ್ಚು ಮಾಡಿಸಲು ಭಾರೀ ಖರ್ಚು. ಹಾಗಾಗಿ ಕಂಪನಿ ಮುಳುಗಿದಾಗ ಅಚ್ಚನ್ನು ಯಾರಾದರೂ ಕೊಂಡೇ ಕೊಳ್ಳುತ್ತಾರೆ. 1964ರಲ್ಲಿ ಹಾರ್ನ್‌ಬಿ ಡಬ್ಲೊ ಕೈಬದಲಾದಾಗ ಅದರ ಎಂಜಿನ್ ಅಚ್ಚುಗಳು ರೆನ್ ಎಂಬ ಕಂಪನಿಗೆ ಹೋದವು. ಅದೇ ಎಂಜಿನ್‌ಗಳು ಬೇರೆ ಡಬ್ಬಿಯಲ್ಲಿ ವರ್ಷಗಟ್ಟಲೆ ಬಂದವು. ಇಟಲಿಯ ಲಿಮಾ 2004ರಲ್ಲಿ ಕುಸಿದಾಗ ಹಾರ್ನ್‌ಬಿ ಅದನ್ನು, ಅದರ ಜೊತೆಗೆ ರಿವಾರೊಸ್ಸಿ, ಜುಯೆಫ್ ಹೆಸರುಗಳನ್ನು ಕೊಂಡಿತು. ಮಾರ್ಕ್ಲಿನ್ 2009ರ ಫೆಬ್ರುವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಅದು ಕಂಪನಿಯ 150ನೇ ವರ್ಷ! ಆದರೂ ಕಾರ್ಖಾನೆ ನಿಲ್ಲಲಿಲ್ಲ. 2013ರಲ್ಲಿ ಸಿಂಬಾ ಡಿಕಿ ಎಂಬ ಆಟಿಕೆ ಸಂಸ್ಥೆಯ ಕುಟುಂಬ ಅದನ್ನು ಕೊಂಡಿತು, ಮಾರ್ಕ್ಲಿನ್ ರೈಲು ಇವತ್ತಿಗೂ ಬರುತ್ತಿದೆ.

ಷೇರುಪೇಟೆಯಿಂದ ಹೊರಬರುವುದಂತೂ ಮುಚ್ಚುವುದೇ ಅಲ್ಲ. ಷೇರು ಬಹಿರಂಗವಾಗಿ ಮಾರಾಟವಾಗುವುದು ನಿಂತಿತು ಎಂದಷ್ಟೇ ಅರ್ಥ. ಸುದ್ದಿಯ ತಲೆಬರಹ ಓದಿ ಮನೆಯ ಹಾರ್ನ್‌ಬಿ ಸೆಟ್ಟಿನ ಬೆಲೆ ಲೆಕ್ಕ ಹಾಕಲು ಹೊರಡುವುದು ಬೇಡ.

ದೊಡ್ಡ ಅಂಗಡಿ ಮುಚ್ಚುವುದರಿಂದ ನಿಜವಾಗಿ ಆಗುವ ಪರಿಣಾಮ ಬೇರೆ. ಹ್ಯಾಟನ್ಸ್‌ನಂಥ ಅಂಗಡಿ ಹಳೇ ಸಂಗ್ರಹಗಳನ್ನು ಇಡಿಯಾಗಿ ಕೊಂಡು, ಪರೀಕ್ಷಿಸಿ, ಒಂದೊಂದಾಗಿ ಮಾರುತ್ತಿತ್ತು. ಅಂಥವರು ಕಮ್ಮಿಯಾದಂತೆ ಸಂಗ್ರಹಗಳು ಹರಾಜಿಗೆ ಹೋಗುತ್ತವೆ. ಹರಾಜಿನಲ್ಲಿ ಸಾಧಾರಣ ರೈಲುಗಳನ್ನು ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ ಒಟ್ಟಿಗೆ ಕೂಗುತ್ತಾರೆ. ಸಾಧಾರಣದ್ದಕ್ಕೆ ಇದರಿಂದ ಇನ್ನಷ್ಟು ಪೆಟ್ಟು.

ಡಬ್ಬಿ, ಬಣ್ಣ ಮತ್ತು ಮಲೆನಾಡಿನ ಮಳೆ

ಒಂದೇ ಮಾದರಿಯ ಎರಡು ಎಂಜಿನ್‌ಗಳಿಗೆ ಹತ್ತು ಪಟ್ಟು ಬೆಲೆ ವ್ಯತ್ಯಾಸ ಬರಬಹುದು. ಕಾರಣ ಸ್ಥಿತಿ. ಅಮೆರಿಕದಲ್ಲಿ 1954ರಲ್ಲಿ ಹುಟ್ಟಿದ ರೈಲು ಸಂಗ್ರಹಕಾರರ ಸಂಘ ಇದಕ್ಕೆ ಸಿ-1ರಿಂದ ಸಿ-10ರವರೆಗೆ ದರ್ಜೆ ಮಾಡಿದೆ. ಸಿ-10 ಅಂದರೆ ಕಾರ್ಖಾನೆಯಿಂದ ಬಂದ ಹಾಗೇ ಇರುವುದು. ಸಿ-1 ಅಂದರೆ ಬಿಡಿಭಾಗಕ್ಕಷ್ಟೇ ಲಾಯಕ್ಕು. ಮೂಲ ಡಬ್ಬಿಗೆ ಬೇರೆಯೇ ಬೆಲೆ, ಏಕೆಂದರೆ ಆಟಿಕೆ ಬಿಚ್ಚಿದ ಮಗು ಮೊದಲು ಬಿಸಾಕುವುದೇ ಡಬ್ಬಿಯನ್ನು.

ಮಲೆನಾಡಿನ ಅಂಚಿನಲ್ಲಿರುವವರಿಗೆ ಇಲ್ಲೊಂದು ವಿಶೇಷ ಕಷ್ಟವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಊರುಗಳಿವು. ತಗಡಿಗೆ ತುಕ್ಕು ಬರುತ್ತದೆ, ರಟ್ಟಿನ ಡಬ್ಬಿಗೆ ಬೂಷ್ಟು ಹಿಡಿಯುತ್ತದೆ, ಗೆದ್ದಲು ಸಿಕ್ಕರೆ ಕೇಳುವುದೇ ಬೇಡ. ಕಣ್ಣಿಗೆ ಕಾಣದ ಇನ್ನೊಂದು ಕಾಯಿಲೆಯೂ ಇದೆ. ಹಳೇ ಎಂಜಿನ್‌ಗಳ ಚಕ್ರ, ಮೈ ಮುಂತಾದವನ್ನು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ಯುತ್ತಿದ್ದರು. ಆ ಸತುವಿನಲ್ಲಿ ಸೀಸದ ಕಲಬೆರಕೆ ಇದ್ದರೆ ವರ್ಷಗಳು ಕಳೆದಂತೆ ಲೋಹ ಒಳಗಿನಿಂದ ಉಬ್ಬಿ, ಬಿರುಕು ಬಿಟ್ಟು, ಕೊನೆಗೆ ಹಪ್ಪಳದಂತೆ ಪುಡಿಯಾಗುತ್ತದೆ. ತೇವ, ಶಾಖ ಹೆಚ್ಚಿದಷ್ಟೂ ಬೇಗ. ಇದಕ್ಕೆ ಔಷಧಿಯಿಲ್ಲ. ಹೊರಗಿನ ಬಣ್ಣ ಚೆನ್ನಾಗಿದ್ದರೂ ಕೂದಲೆಳೆಯಂಥ ಬಿರುಕು ಕಂಡರೆ ತಿಳಿದ ಗಿರಾಕಿ ಅಲ್ಲೇ ಕೈಬಿಡುತ್ತಾನೆ.

ಇದಕ್ಕಿಂತ ಬೇಸರದ ಸಂಗತಿ ಮನೆಯವರೇ ಪ್ರೀತಿಯಿಂದ ಮಾಡುವ ಹಾನಿ. ಮಾರುವ ಮುಂಚೆ ಚೆಂದ ಕಾಣಲಿ ಅಂತ ಹೊಸ ಬಣ್ಣ ಬಳಿಯುತ್ತಾರೆ. ಮೂಲ ಬಣ್ಣ ಮುಚ್ಚಿಹೋದರೆ ಬೆಲೆಯ ದೊಡ್ಡ ಪಾಲು ಅಲ್ಲೇ ಹೋಯಿತು. ಕೀಲಿ ಸಿಕ್ಕಿಕೊಂಡಿದೆ ಅಂತ ಕೊಬ್ಬರಿ ಎಣ್ಣೆ ಬಿಡುತ್ತಾರೆ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟುತ್ತದೆ, ಆಮೇಲೆ ಅಂಟಾಗಿ ಧೂಳು ಹಿಡಿಯುತ್ತದೆ. ಅಟ್ಟದಲ್ಲಿ ಏನಾದರೂ ಸಿಕ್ಕರೆ ಒಣ ಬಟ್ಟೆಯಲ್ಲಿ ಮೇಲಿನ ಧೂಳು ಒರೆಸಿ ಸುಮ್ನೆ ಇಟ್ಟುಬಿಡುವುದು ಎಷ್ಟೋ ಮೇಲು.

ವಾದಗಳು ಎರಡಲ್ಲ, ಮೂರು

ಬೆಲೆ ಮತ್ತೆ ಏರುತ್ತದೆ ಅನ್ನುವವರ ಬಳಿ ಸುಳ್ಳು ವಾದವೇನೂ ಇಲ್ಲ. ಲಾಕ್‌ಡೌನ್ ಕಾಲದಲ್ಲಿ ಮನೆಯಲ್ಲೇ ಉಳಿದ ಜನ ಮತ್ತೆ ರೈಲು ಹಳಿ ಜೋಡಿಸಿದರು. ವರ್ಷಗಳಿಂದ ನಷ್ಟದಲ್ಲಿದ್ದ ಹಾರ್ನ್‌ಬಿ 2021ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಲಾಭ ಕಂಡಿತು. ಹವ್ಯಾಸ ಸತ್ತಿಲ್ಲ, ಸಮಯ ಸಿಕ್ಕರೆ ಚಿಗುರುತ್ತದೆ ಅನ್ನುವುದಕ್ಕೆ ಇದನ್ನು ತೋರಿಸುತ್ತಾರೆ. ಆದರೆ ಆ ಚಿಗುರು ಹೆಚ್ಚು ದಿನ ಉಳಿಯಲಿಲ್ಲ. ಲಾಭ ಮತ್ತೆ ನಷ್ಟವಾಯಿತು.

ಇಳಿಯುತ್ತಲೇ ಹೋಗುತ್ತದೆ ಅನ್ನುವವರು ಗಿರಾಕಿಗಳ ವಯಸ್ಸನ್ನೇ ಮುಂದಿಡುತ್ತಾರೆ. ಅವರ ವಾದ ಸಾಧಾರಣ ರೈಲುಗಳಿಗೆ ಗಟ್ಟಿ, ತಗಡಿನ ಕಾಲದ ಅಪರೂಪಗಳಿಗೆ ಅಷ್ಟು ಹೊಂದುವುದಿಲ್ಲ. ಆ ಕಾಲವನ್ನು ಬಾಲ್ಯದಲ್ಲಿ ಕಂಡವರು ಈಗಾಗಲೇ ಇಲ್ಲ. ಆದರೂ ಬೆಲೆ ಉಳಿದಿದೆ, ಏಕೆಂದರೆ ಅದು ಆಟಿಕೆಯಿಂದ ಕಲಾವಸ್ತುವಿನ ಸಾಲಿಗೆ ದಾಟಿದೆ.

ಮೂರನೆಯವರು ಹವ್ಯಾಸಿಗಳು. ಬೆಲೆ ಇಳಿದರೆ ಅವರಿಗೆ ಖುಷಿ. ಅಪ್ಪನ ಸಂಬಳಕ್ಕೆ ಎಟುಕದಿದ್ದ ಎಂಜಿನ್ ಈಗ ಮಗಳ ಕೈಗೆ ಸಿಗುತ್ತದೆ. ನನಗೆ ಈ ಮೂರನೆಯ ಮಾತು ಹೆಚ್ಚು ತೂಕದ್ದು ಅನ್ನಿಸುತ್ತದೆ. ಓಡಿಸುವ ಕೈಗಳು ಇದ್ದರೆ ಮಾತ್ರ ನಾಳೆ ಕೊಳ್ಳುವ ಕೈಗಳು ಇರುತ್ತವೆ.

ಹೂಡಿಕೆಯ ಲೆಕ್ಕವನ್ನೂ ನೋಡೋಣ. ಒಂದು ಮಾದರಿಯ ಬೆಲೆ 20 ವರ್ಷದಲ್ಲಿ ಎರಡು ಪಟ್ಟಾಯಿತು ಅಂದುಕೊಳ್ಳಿ. ಕೇಳಲು ಚೆಂದ. ವರ್ಷಕ್ಕೆ ಬಿದ್ದದ್ದು ಸುಮಾರು ಶೇ 3.5. ಅಷ್ಟು ಬಡ್ಡಿಗೆ ಹಣ ಠೇವಣಿ ಇಡಲು ಯಾರೂ ಒಪ್ಪುವುದಿಲ್ಲ. ಮಾರುವಾಗ ಹರಾಜಿನವರ ಕಮಿಷನ್, ಸಾಗಾಟ, ಪ್ಯಾಕಿಂಗ್ ಬೇರೆ. ಸುದ್ದಿಯಲ್ಲಿ ಬರುವ ಮೊತ್ತದಲ್ಲಿ ಕೊಂಡವರು ಹರಾಜು ಮನೆಗೆ ಕೊಡುವ ಶುಲ್ಕವೂ ಎಷ್ಟೋ ಸಲ ಸೇರಿರುತ್ತದೆ. ಮಾರಿದವರ ಕೈಗೆ ಬರುವುದು ಅದಕ್ಕಿಂತ ಸಾಕಷ್ಟು ಕಮ್ಮಿ. ಇನ್ನು ಹೆಸರಿನ ಬೆಲೆ. ಗಾಯಕ ನೀಲ್ ಯಂಗ್ ಅವರ ಲಯನೆಲ್ ಸಂಗ್ರಹ 2017ರಲ್ಲಿ ಹರಾಜಾದಾಗ ಸುಮಾರು 3 ಲಕ್ಷ ಡಾಲರ್ ಬಂತು. ಅವರು ಒಂದು ಕಾಲಕ್ಕೆ ಲಯನೆಲ್ ಕಂಪನಿಯ ಪಾಲುದಾರರೂ ಆಗಿದ್ದವರು. ಆ ಮೊತ್ತದಲ್ಲಿ ರೈಲಿನದೆಷ್ಟು, ಅವರ ಹೆಸರಿನದೆಷ್ಟು ಅಂತ ಬಿಡಿಸಲು ಸಾಧ್ಯವಿಲ್ಲ.

ಹಾಸನದಿಂದ ಮಾರಲು ಹೊರಟರೆ

ನಮ್ಮ ದೇಶದೊಳಗೆ ವಿದೇಶಿ ಮಾದರಿಗಳ ಬೆಲೆಯನ್ನು ಎತ್ತಿ ಹಿಡಿದಿರುವುದು ಸುಂಕ. ಸುಂಕದ ಪಟ್ಟಿಯಲ್ಲಿ ಆಟಿಕೆಗಳೂ ಅಳತೆಗೆ ತಕ್ಕ ಮಾದರಿಗಳೂ ಒಂದೇ ತಲೆಬರಹದ ಕೆಳಗೆ ಬರುತ್ತವೆ. ಆಟಿಕೆಗಳ ಮೂಲ ಆಮದು ಸುಂಕ 2020ರ ಬಜೆಟ್‌ನಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಶೇ 70 ಅಂದರೆ 10,000 ರೂಪಾಯಿಯ ಎಂಜಿನ್ ಜಿಎಸ್‌ಟಿಗೆ ಮುಂಚೆಯೇ 17,000. ಈ ಕಾರಣಕ್ಕೆ, ದೇಶದೊಳಗೆ ಈಗಾಗಲೇ ಇರುವ ಬಳಸಿದ ಎಂಜಿನ್ನಿಗೆ ಬ್ರಿಟನ್ನಿನಲ್ಲಿ ಸಿಗುವುದಕ್ಕಿಂತ ಒಳ್ಳೆಯ ಬೆಲೆ ಬೆಂಗಳೂರಿನಲ್ಲೇ ಸಿಗಬಹುದು. ಇದು ಸುಂಕದ ಗೋಡೆ ಇರುವತನಕದ ಬೆಲೆ. ಸುಂಕ ಇಳಿದ ದಿನ ಇದೂ ಇಳಿಯುತ್ತದೆ. 2025ರ ಜುಲೈನಲ್ಲಿ ಸಹಿಯಾದ ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದದಿಂದ ಹಾಗಾಗುತ್ತದೆ ಅಂದುಕೊಂಡವರು ಒಂದು ವಿಷಯ ಗಮನಿಸಬೇಕು. ಹಾರ್ನ್‌ಬಿಯ ರೈಲುಗಳು ಬಹುತೇಕ ತಯಾರಾಗುವುದು ಚೀನಾದಲ್ಲಿ. ಬ್ರಿಟನ್ನಿನ ಹೆಸರಿದ್ದ ಮಾತ್ರಕ್ಕೆ ಬ್ರಿಟನ್ನಿನ ರಿಯಾಯಿತಿ ಸಿಗುವುದಿಲ್ಲ.

ವಿದೇಶಕ್ಕೆ ಕಳಿಸುವುದು ಇನ್ನೊಂದು ದಾರಿ, ಅದೂ ಇಕ್ಕಟ್ಟಾಗಿದೆ. ಅಮೆರಿಕದಲ್ಲಿ 800 ಡಾಲರ್‌ವರೆಗಿನ ಪಾರ್ಸೆಲ್‌ಗಿದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ಕ್ಕೆ ಮುಗಿಯಿತು. ಅದರಿಂದ ಹುಟ್ಟಿದ ಗೊಂದಲದಲ್ಲಿ ನಮ್ಮ ಅಂಚೆ ಇಲಾಖೆಯೇ ಆಗಸ್ಟ್ 25ರಿಂದ ಅಕ್ಟೋಬರ್ ಮಧ್ಯದವರೆಗೆ ಅಲ್ಲಿಗೆ ಪಾರ್ಸೆಲ್ ತೆಗೆದುಕೊಳ್ಳುವುದನ್ನು ನಿಲ್ಲಿಸಿತ್ತು. ದೊಡ್ಡ ವ್ಯಾಪಾರಿಗಳು ಬೇರೆ ದಾರಿ ಹುಡುಕಿಕೊಂಡರು. ಒಂದೇ ಎಂಜಿನ್ ಮಾರುವ ಮನೆಯವರಿಗೆ ಅಂಥ ದಾರಿ ಇರಲಿಲ್ಲ.

ನೂರು ವರ್ಷ ದಾಟಿದ ವಸ್ತುಗಳ ವಿಷಯದಲ್ಲಿ ಕಾನೂನು ಬಿಗಿ. 1972ರ ಪುರಾತನ ವಸ್ತು ಕಾಯ್ದೆಯ ಪ್ರಕಾರ ನೂರು ವರ್ಷಕ್ಕೆ ಕಮ್ಮಿಯಿಲ್ಲದ, ಚಾರಿತ್ರಿಕ ಆಸಕ್ತಿಯ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. 1920ರ ದಶಕದ ಮೊದಲ ಹಾರ್ನ್‌ಬಿಗಳು ಈಗ ಆ ಗೆರೆ ದಾಟಿವೆ. ಆಟಿಕೆ ಅದರಡಿ ಬರುತ್ತದೋ ಇಲ್ಲವೋ ಅಂತ ನಾವೇ ತೀರ್ಮಾನಿಸುವ ಬದಲು ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ‘ಪುರಾತನ ವಸ್ತುವಲ್ಲ’ ಎಂಬ ಪ್ರಮಾಣಪತ್ರ ಪಡೆಯುವುದು ಕ್ಷೇಮ.

ತೆರಿಗೆಯ ವಿಷಯ ಚಿಕ್ಕದು. ಮನೆಯ ಬಳಕೆಯ ವಸ್ತುವನ್ನು ಅಪರೂಪಕ್ಕೆ ಮಾರುವುದು ಬೇರೆ, ಕೊಂಡು ಮಾರುವುದನ್ನೇ ಕಸುಬು ಮಾಡಿಕೊಳ್ಳುವುದು ಬೇರೆ. ಎರಡನೆಯದು ವ್ಯಾಪಾರದ ಆದಾಯ. ಜಿಎಸ್‌ಟಿ ನೋಂದಣಿ ಇರುವ ಹಳೇ ಸರಕಿನ ವ್ಯಾಪಾರಿಗೆ ಪೂರ್ತಿ ಬೆಲೆಯ ಬದಲು ಕೊಂಡ ಮತ್ತು ಮಾರಿದ ಬೆಲೆಯ ಅಂತರದ ಮೇಲಷ್ಟೇ ತೆರಿಗೆ ಕಟ್ಟುವ ಅವಕಾಶವಿದೆ.

ನಮ್ಮದೇ ರೈಲಿನ ಲೆಕ್ಕ ಬೇರೆ

ಇಲ್ಲಿಯವರೆಗಿನ ಮಾತೆಲ್ಲ ಬೇರೆಯವರ ಬಾಲ್ಯದ್ದು. ನಮ್ಮ ಬಾಲ್ಯದ ರೈಲಿಗೆ ಪೇಟೆ ಇದೆಯೇ?

ಹಾಸನ–ಮಂಗಳೂರು ಮೀಟರ್ ಗೇಜ್ (ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರದ) ಮಾರ್ಗ ಪೂರ್ತಿಯಾಗಿ ತೆರೆದದ್ದು 1979ರಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗ, 109 ಸೇತುವೆ. 1996ರಲ್ಲಿ ಗೇಜ್ ಬದಲಾವಣೆಗೆಂದು ರೈಲು ನಿಂತಿತು. ಗೂಡ್ಸ್ ಮತ್ತೆ ಬಂದದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರ್‌ನಲ್ಲಿ. ಅಂದರೆ ಆ ಪುಟ್ಟ ಗೇಜಿನ ರೈಲಿನಲ್ಲಿ ಕಿಟಕಿ ಪಕ್ಕ ಕೂತು ಸುರಂಗ ಎಣಿಸಿದ ಮಕ್ಕಳಿಗೆ ಈಗ ನಲವತ್ತು, ಐವತ್ತು ವಯಸ್ಸು. ಅಮೆರಿಕದಲ್ಲಿ 1990ರಲ್ಲಿ ಬೆಲೆ ಏರಿಸಿದ ವಯಸ್ಸು ಇದೇ.

ಆದರೆ ಅವರು ಕೊಳ್ಳಲು ವಸ್ತುವೇ ಇಲ್ಲ. ಇದಕ್ಕೆ ಒಂದು ಅಳತೆಯ ಕಾರಣವೂ ಇದೆ. ಪ್ರಪಂಚದಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾದರಿ ಪ್ರಮಾಣ 1:87, ಅಂದರೆ ನಿಜವಾದ ರೈಲಿನ 87ನೇ ಒಂದು ಭಾಗ. ಯುರೋಪಿನ 1435 ಮಿಲಿಮೀಟರ್ ಹಳಿ ಆ ಲೆಕ್ಕದಲ್ಲಿ 16.5 ಮಿಲಿಮೀಟರ್ ಆಗುತ್ತದೆ. ಅಂಗಡಿಯಲ್ಲಿ ಸಿಗುವ ಹಳಿ ಅದೇ. ನಮ್ಮ ಬ್ರಾಡ್ ಗೇಜ್ 1676 ಮಿಲಿಮೀಟರ್, 87ರಿಂದ ಭಾಗಿಸಿದರೆ 19 ಮಿಲಿಮೀಟರ್‌ಗಿಂತ ಜಾಸ್ತಿ. ಮೀಟರ್ ಗೇಜ್‌ಗೆ ಸುಮಾರು 11.5. ಎರಡೂ ಸಿದ್ಧ ಹಳಿಗೆ ಕೂರುವುದಿಲ್ಲ. ಬ್ರಾಡ್ ಗೇಜ್ ಮಾದರಿ ಮಾಡುವವರು ಹಳಿಯಲ್ಲಿ ರಾಜಿ ಮಾಡಿಕೊಂಡು 16.5ರ ಮೇಲೇ ಓಡಿಸುತ್ತಾರೆ. ಘಾಟಿ ಹತ್ತುತ್ತಿದ್ದ ವೈಡಿಎಂ-4 ಡೀಸೆಲ್ ಎಂಜಿನ್ ಬೇಕಾದರೆ ಸ್ವಿಸ್ ಮಾದರಿಗಳಿಗೆ ಬಳಸುವ 12 ಮಿಲಿಮೀಟರ್ ಹಳಿ ತರಿಸಿ, ಮೈಯನ್ನು ಕೈಯಿಂದ ಮಾಡಬೇಕು.

ಹೀಗಾಗಿ ಭಾರತೀಯ ಮಾದರಿಗಳು ಬರುವುದು ಹವ್ಯಾಸಿಗಳ ಕೈಯಿಂದ, ಸಣ್ಣ ಸಂಖ್ಯೆಯಲ್ಲಿ. ಸರಕು ಕಮ್ಮಿ, ಬಯಸುವವರಿಗೆ ಸರಿಯಾದ ವಯಸ್ಸು. ಬೆಲೆ ಏರಲು ಬೇಕಾದ ಎರಡೂ ಇಲ್ಲಿವೆ. ತಡೆಯುವ ಶಕ್ತಿ ಒಂದೇ, ತ್ರೀಡಿ ಪ್ರಿಂಟರ್. ಕಂಪ್ಯೂಟರಿನಲ್ಲಿ ಒಮ್ಮೆ ಚಿತ್ರ ಬರೆದರೆ ಸಾಕು, ಅಚ್ಚಿಲ್ಲದೆ ಎಂಜಿನ್ನಿನ ಮೈ ಎಷ್ಟು ಬೇಕಾದರೂ ಬರುತ್ತದೆ. ಹಾಗಾದಾಗ ಕೈಯಲ್ಲಿ ಹಿತ್ತಾಳೆ ಬೆಸೆದು ಮಾಡಿದ್ದಕ್ಕೆ ಬೆಲೆ ಉಳಿಯುತ್ತದೆ, ಸಾಧಾರಣ ಪ್ಲಾಸ್ಟಿಕ್ ಮೈಗೆ ಉಳಿಯುವುದಿಲ್ಲ.

ಚಿಕ್ಕಮಗಳೂರಿನ ಸರದಿ ಇನ್ನೂ ಬಂದಿಲ್ಲ. ಕಡೂರಿನಿಂದ 46 ಕಿಲೋಮೀಟರ್ ಹಳಿ ಹಾಕಿ ಆ ಊರಿಗೆ ಮೊದಲ ರೈಲು ಬಂದದ್ದು 2013ರ ನವೆಂಬರ್‌ನಲ್ಲಿ. ಅಂದು ಅಪ್ಪನ ಹೆಗಲ ಮೇಲೆ ಕೂತು ರೈಲು ನೋಡಿದ ಐದು ವರ್ಷದ ಮಗುವಿಗೆ ಐವತ್ತಾಗುವುದು 2058ಕ್ಕೆ. ಆಗ ಅದು ಹುಡುಕುವುದು ಉಗಿಬಂಡಿಯನ್ನೂ ಅಲ್ಲ, ಮೀಟರ್ ಗೇಜನ್ನೂ ಅಲ್ಲ. ಅಂದು ಬಂದು ನಿಂತ ಆ ಡೀಸೆಲ್ ಎಂಜಿನ್ನನ್ನು, ಅದರ ಹಿಂದಿದ್ದ ನೀಲಿ ಬೋಗಿಗಳನ್ನು.